ಟ್ರಂಪೆಟ್ ಊದುವವನ ಬದುಕು: ನಮ್ಮ ಕಡೆಯ ಬ್ಯಾಂಡ್ ಕಸುಬಿನ ಒಳಗೆ

ಮದುವೆ ಮಾತುಕತೆಯಲ್ಲಿ ಹಂದರ, ಅಡಿಗೆ, ಬಟ್ಟೆ, ಫೋಟೊ ಎಲ್ಲ ಮುಗಿದ ಮೇಲೆ ಬ್ಯಾಂಡಿನ ವಿಷಯ ಬರುತ್ತದೆ. ಅಷ್ಟೊತ್ತಿಗೆ ಕಿಸೆ ಹಗುರಾಗಿರುತ್ತದೆ. "ಎರಡು ತಾಸಿಗೆ ಇಷ್ಟ್ಯಾಕ್ರೀ ಮಾಸ್ತರ?" ಅಂತ ಚೌಕಾಸಿ ಶುರು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಎಲ್ಲಿ ಹೋದರೂ ಈ ಮಾತು ಇದೆ. ಕೇಳುವವರಿಗೆ ಕಾಣುವುದು ಆ ಎರಡು ತಾಸು ಮಾತ್ರ. ಅದರ ಹಿಂದೆ ಏನಿದೆ? ಒಬ್ಬ ಹುಡುಗ ಬ್ಯಾಂಡ್ ಕಲಾವಿದ ಆಗುವುದು ಹೇಗೆ? ವರ್ಷದ ಹನ್ನೆರಡು ತಿಂಗಳು ಅವನ ಮನೆ ಹೇಗೆ ನಡೆಯುತ್ತದೆ? ಇದನ್ನು ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ನನ್ನ ಪ್ರಕಾರ ಈ ಕಸುಬು ನಿಂತಿರುವುದು ಎರಡರ ಮೇಲೆ, ತುಟಿ ಮತ್ತು ಮುಹೂರ್ತ. ಒಂದು ಸವೆಯುತ್ತದೆ, ಇನ್ನೊಂದು ಪಂಚಾಂಗ ಹೇಳಿದಂತೆ ಬರುತ್ತದೆ. ಎರಡೂ ಕಲಾವಿದನ ಹಿಡಿತದಲ್ಲಿ ಪೂರ್ತಿ ಇಲ್ಲ.

ಬ್ಯಾಂಡ್ ಬರುವ ಮೊದಲೂ ನಮ್ಮ ಕಡೆ ಮದುವೆ ಮೌನವಾಗಿ ನಡೆಯುತ್ತಿರಲಿಲ್ಲ. ಸನಾದಿ ಇತ್ತು, ಸಂಬಾಳ ಇತ್ತು, ಹಲಗಿ ಇತ್ತು. ಕರಡಿ ಅನ್ನುವ ಚರ್ಮವಾದ್ಯದ ಮೇಳ ಕರಡಿ ಮಜಲಂತೂ ನಮ್ಮ ಕಡೆಯ ಹೆಮ್ಮೆ. ಹಿತ್ತಾಳೆ ವಾದ್ಯ ಬಂದದ್ದು ಪಲ್ಟನ್, ಅಂದರೆ ಸೈನ್ಯದ ತುಕಡಿಯ ಜೊತೆ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ವಶವಾಯಿತು. 1832ರಲ್ಲಿ ಕ್ಯಾಂಪ್ ನೆಲೆಯಾಯಿತು. 1922ರಿಂದ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲೇ ಇದೆ. ಪಲ್ಟನ್ ಇದ್ದ ಊರಿನಲ್ಲಿ ಬ್ಯಾಂಡಿನ ಸದ್ದು ಜನರ ಕಿವಿಗೆ ಬಿದ್ದೇ ಬೀಳುತ್ತದೆ. ಇನ್ನೊಂದು ಕಡೆ ಸಂಸ್ಥಾನಗಳು. ಜಮಖಂಡಿ, ಮುಧೋಳ, ರಾಮದುರ್ಗ 1948ರವರೆಗೂ ಸಂಸ್ಥಾನಗಳಾಗಿದ್ದವು, ಪಕ್ಕದಲ್ಲೇ ಕೊಲ್ಹಾಪುರ, ಸಾಂಗ್ಲಿ. ಆ ಕಾಲದ ದೇಶದ ಸಂಸ್ಥಾನಿಕರಿಗೆ ಬ್ಯಾಂಡ್ ಅಂದರೆ ಠೀವಿ. ದೊರೆ ಮಾಡಿದ್ದನ್ನು ದೇಸಾಯಿ ಮಾಡಿದ, ದೇಸಾಯಿ ಮಾಡಿದ್ದನ್ನು ಊರಿನ ಸಾವುಕಾರ ಮಾಡಿದ. ಹೀಗೆ ಬ್ಯಾಂಡ್ ಕವಾಯತು ಮೈದಾನದಿಂದ ಮದುವೆ ಹಂದರಕ್ಕೆ ಇಳಿಯಿತು.

ಅದನ್ನು ಕೈಗೆತ್ತಿಕೊಂಡವರು ಯಾರು ಅನ್ನುವುದು ಮುಖ್ಯ. ಹೆಚ್ಚಿನವರು ಮೊದಲೇ ವಾದ್ಯದ ಮನೆತನದವರು. ಸನಾದಿ ಊದುತ್ತಿದ್ದ ಭಜಂತ್ರಿ ಮನೆತನಗಳು, ಹಲಗಿ ಬಾರಿಸುತ್ತಿದ್ದವರು, ಮುಸ್ಲಿಂ ವಾದಕರು. ಸನಾದಿ ಊದುವವನಿಗೆ ಕ್ಲಾರಿನೆಟ್ ಪೂರ್ತಿ ಪರಕೀಯ ಅಲ್ಲ. ಅದಕ್ಕೂ ನಾಲಿಗೆಯಂಥ ಪೀಪಿ ಇದೆ, ಬೆರಳಿಗೆ ರಂಧ್ರಗಳಿವೆ, ಉಸಿರಿನ ಲೆಕ್ಕ ಗೊತ್ತಿದೆ. ಆದರೆ ವಾದ್ಯ ಬದಲಾದಷ್ಟು ಬೇಗ ಊರು ಅವರನ್ನು ನೋಡುವ ರೀತಿ ಬದಲಾಗಲಿಲ್ಲ. ಮಂಗಳ ಕಾರ್ಯಕ್ಕೆ ಅವರ ಸದ್ದು ಬೇಕು, ಪಂಕ್ತಿಯಲ್ಲಿ ಅವರು ಬೇಡ ಅನ್ನುವ ಕಾಲವಿತ್ತು. ಈಗಲೂ ಕೆಲವು ಕಡೆ ಬ್ಯಾಂಡಿನವರಿಗೆ ಊಟ ಕೊನೆಗೆ, ಹಂದರದ ಹೊರಗೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಈಗ ವಾದ್ಯಕ್ಕೆ ಬರೋಣ. ಟ್ರಂಪೆಟ್‌ಗೆ ಮೂರೇ ಗುಂಡಿ. ಹಾಗಾದರೆ ಅಷ್ಟೊಂದು ಸ್ವರ ಬರುವುದು ಎಲ್ಲಿಂದ?

ಉತ್ತರ ತುಟಿಯಲ್ಲಿದೆ. ಟ್ರಂಪೆಟ್‌ನಲ್ಲಿ ಪೀಪಿ ಇಲ್ಲ, ತಂತಿ ಇಲ್ಲ. ಕಂಪಿಸುವುದು ಊದುವವನ ತುಟಿಯೇ. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯನ್ನು ಮಡಚಿ ಮಾಡಿದ್ದು ಟ್ರಂಪೆಟ್. ಯಾವ ಗುಂಡಿಯನ್ನೂ ಒತ್ತದೆ, ಬರೀ ತುಟಿ ಬಿಗಿ ಮಾಡುತ್ತ ಹೋದರೆ ಆ ಕೊಳವೆ ಕ್ರಮವಾಗಿ ಸ, ಪ, ಮೇಲಿನ ಸ, ಗ, ಪ, ಅದರ ಮೇಲಿನ ಸ ಕೊಡುತ್ತದೆ. ನಡುವಿನ ರಿ, ಮ, ಧ, ನಿ ಸಿಗುವುದಿಲ್ಲ. ಅವುಗಳಿಗಾಗಿ ಗುಂಡಿ. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ತುಂಡು ಕೊಳವೆ ಸುತ್ತಿ ಬರುತ್ತದೆ, ಕೊಳವೆ ಉದ್ದವಾದಂತೆ ಸ್ವರ ಇಳಿಯುತ್ತದೆ. ನಡುವಿನ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಇವುಗಳನ್ನು ಕೂಡಿಸಿ ಒತ್ತಿದರೆ ಖಾಲಿ ಇದ್ದ ಸ್ವರಗಳೆಲ್ಲ ತುಂಬುತ್ತವೆ. ಈ ಗುಂಡಿಗಳಿಗೆ ಬರ್ಲಿನ್‌ನಲ್ಲಿ ಪೇಟೆಂಟ್ ಸಿಕ್ಕಿದ್ದೂ 1818ರಲ್ಲೇ, ಬೆಳಗಾವಿ ಕೋಟೆ ಬಿದ್ದ ವರ್ಷ.

ಕೆಳಗಿನ ಸಪ್ತಕದಲ್ಲಿ ಶುದ್ಧ ಸ್ವರಗಳ ಸಾಲು ನೋಡಿ. ಸ ಗುಂಡಿಯಿಲ್ಲದೆ. ರಿ ಒಂದು ಮತ್ತು ಮೂರು. ಗ ಒಂದು ಮತ್ತು ಎರಡು. ಮ ಬರೀ ಒಂದು. ಪ ಮತ್ತೆ ಖಾಲಿ. ಧ ಒಂದು ಮತ್ತು ಎರಡು. ನಿ ಬರೀ ಎರಡು. ಗ ಮತ್ತು ಧಗೆ ಒಂದೇ ಬೆರಳು ಅನ್ನುವುದನ್ನು ಗಮನಿಸಿದಿರಾ? ಬೆರಳು ಒಂದೇ, ತುಟಿಯ ಬಿಗಿ ಬೇರೆ. ಅದಕ್ಕೇ ಬೆರಳು ಕಲಿಯಲು ಒಂದು ವಾರ ಸಾಕು, ತುಟಿ ಪಳಗಲು ವರ್ಷಗಳು ಬೇಕು. ಭೈರವಿಯಂಥ ರಾಗದಲ್ಲಿ ಕೆಳಗಿನ ಕೋಮಲ ರಿಷಭಕ್ಕೆ ಮೂರೂ ಗುಂಡಿ ಒತ್ತಬೇಕು. ಮೂರೂ ಒತ್ತಿದಾಗ ವಾದ್ಯ ಸಹಜವಾಗಿ ಸ್ವಲ್ಪ ಏರಿಯೇ ನುಡಿಯುತ್ತದೆ. ಒಳ್ಳೆಯ ಕಲಾವಿದ ಮೂರನೆಯ ಗುಂಡಿಯ ಸ್ಲೈಡ್ (ಜಾರುವ ಕೊಳವೆ) ಅನ್ನು ಬೆರಳಿನಿಂದ ದೂಡಿ ಅಥವಾ ತುಟಿ ಸಡಿಲಿಸಿ ಅದನ್ನು ತಗ್ಗಿಸುತ್ತಾನೆ. ಬೀದಿಯಲ್ಲಿ ನಡೆಯುತ್ತಾ, ಪಟಾಕಿ ಹೊಗೆಯಲ್ಲಿ, ಕುಣಿಯುವವರ ಮೊಣಕೈ ತಪ್ಪಿಸಿಕೊಳ್ಳುತ್ತಾ ಇದನ್ನು ಮಾಡಬೇಕು.

ಸಾಮಾನ್ಯ ಟ್ರಂಪೆಟ್‌ನಲ್ಲಿ ಗುಂಡಿ ಒತ್ತದೆ ಬರುವ ಸ ಹಾರ್ಮೋನಿಯಂ ಲೆಕ್ಕದಲ್ಲಿ ಕಾಳಿ ಪಾಚ್, ಅಂದರೆ ಐದನೆಯ ಕಪ್ಪು ಮನೆ. ಕ್ಲಾರಿನೆಟ್, ಯುಫೋನಿಯಂ ಕೂಡ ಶ್ರುತಿಯಲ್ಲಿ ಬಹುಮಟ್ಟಿಗೆ ಅದೇ ಮನೆತನ. ಯುಫೋನಿಯಂ ಕೊಳವೆ ಟ್ರಂಪೆಟ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಉದ್ದ, ಅದಕ್ಕೇ ಒಂದು ಸಪ್ತಕ ಕೆಳಗೆ ಗಂಭೀರವಾಗಿ ನುಡಿಯುತ್ತದೆ. ಸ್ಯಾಕ್ಸೊಫೋನ್ ನೋಡಲು ಹಿತ್ತಾಳೆ, ಆದರೆ ಪೀಪಿ ಇರುವುದರಿಂದ ಅದು ಕ್ಲಾರಿನೆಟ್ ಬಳಗಕ್ಕೆ ಸೇರಿದ್ದು. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇವೆಲ್ಲ ಒಂದೇ ಹಾಡು ನುಡಿಸುವಾಗ ಆಲ್ಟೋ ಸ್ಯಾಕ್ಸೊಫೋನ್‌ನವನ ಬೆರಳು ಬೇರೆ ಕಡೆ ಓಡುತ್ತಿರುತ್ತದೆ, ಯಾಕೆಂದರೆ ಅವನ ವಾದ್ಯದ ಮೂಲ ಶ್ರುತಿಯೇ ಬೇರೆ. ಸಿನಿಮಾ ಹಾಡು ಗಾಯಕನ ಕಂಠಕ್ಕೆ ಹೊಂದಿಸಿದ ಶ್ರುತಿಯಲ್ಲಿರುತ್ತದೆ. ಅದನ್ನು ಎಲ್ಲರ ವಾದ್ಯಕ್ಕೂ ಅನುಕೂಲವಾದ ಶ್ರುತಿಗೆ ತರುವ ಕೆಲಸ ಮೇಳ ನಡೆಸುವ ಮಾಸ್ತರನದು. ಅದು ತಲೆಯಲ್ಲೇ ನಡೆಯುತ್ತದೆ.

ನಮ್ಮ ಹಾಡಿಗೆ ಮೀಂಡ್ ಬೇಕು, ಸ್ವರದಿಂದ ಸ್ವರಕ್ಕೆ ಜಾರಬೇಕು. ಗುಂಡಿಯ ವಾದ್ಯದಲ್ಲಿ ಜಾರುವುದು ಕಷ್ಟ. ಅದಕ್ಕೆ ಕಲಾವಿದರು ಗುಂಡಿಯನ್ನು ಅರ್ಧ ಒತ್ತಿ, ತುಟಿಯಿಂದ ಸ್ವರವನ್ನು ಎಳೆಯುತ್ತಾರೆ. ಕ್ಲಾರಿನೆಟ್‌ನಲ್ಲಿ ಬೆರಳನ್ನು ರಂಧ್ರದ ಮೇಲೆ ನಿಧಾನ ಸರಿಸಿದರೆ ಆಯಿತು. ದಾಸರ ಪದವೋ ವಚನವೋ ಇದ್ದಾಗ ಮಾಸ್ತರ ಕ್ಲಾರಿನೆಟ್ ಕೈಗೆತ್ತಿಕೊಳ್ಳುವುದು ಇದಕ್ಕೇ. ಒಬ್ಬ ಸಾಲು ನುಡಿಸುತ್ತಾನೆ, ಇಡೀ ಮೇಳ ಅದನ್ನು ತಿರುಗಿ ನುಡಿಸುತ್ತದೆ. ಮೇಳ ನುಡಿಸುವಾಗ ಮಾಸ್ತರನ ತುಟಿಗೆ ನಾಲ್ಕು ಉಸಿರಿನಷ್ಟು ವಿಶ್ರಾಂತಿ ಸಿಗುತ್ತದೆ. ನನಗೆ ಬ್ಯಾಂಡಿನಲ್ಲಿ ಅತಿ ಇಷ್ಟದ ಭಾಗ ಇದೇ, ಒಂಟಿ ಕ್ಲಾರಿನೆಟ್ ಸಾಲು ಮುಗಿದು ಹಿತ್ತಾಳೆಯೆಲ್ಲ ಒಟ್ಟಿಗೆ ಎದ್ದು ಬರುವ ಗಳಿಗೆ.

ಬಿಸಿಲಿನ ಮಾತನ್ನೂ ಹೇಳಬೇಕು. ಗಾಳಿ ಕಾದರೆ ಅದರಲ್ಲಿ ಸದ್ದು ಬೇಗ ಓಡುತ್ತದೆ, ಊದುವ ವಾದ್ಯದ ಶ್ರುತಿ ಏರುತ್ತದೆ. ಮದುವೆ ಹಂಗಾಮಿನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಜೊತೆಗಿರುವ ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಟ್ಯೂನಿಂಗ್ ಸ್ಲೈಡ್ ಹೊರಗೆಳೆದು ಕೊಳವೆ ಉದ್ದ ಮಾಡಿ ಹೊಂದಿಸುತ್ತಾರೆ. ಬ್ಯಾಂಡ್ 'ಅಪಸ್ವರ' ಅಂತ ಮೂಗು ಮುರಿಯುವವರು ಈ ಒಂದು ವಿಷಯ ತಿಳಿದಿದ್ದರೆ ಸಾಕು.

ಕಲಿಕೆಗೆ ಶಾಲೆ ಇಲ್ಲ. ಮನೆಯಲ್ಲಿ ಅಪ್ಪನೋ ಕಾಕಾನೋ ಬ್ಯಾಂಡಿನಲ್ಲಿದ್ದರೆ ಹುಡುಗ ಹತ್ತು ಹನ್ನೆರಡನೆಯ ವಯಸ್ಸಿಗೇ ಹಿಂದೆ ಹೋಗುತ್ತಾನೆ. ಮೊದಲು ತಾಳ ಅಥವಾ ಗಿಲಿಗಿಲಿ ಕೈಗೆ ಬರುತ್ತದೆ. ಅದರಿಂದ ಲಯ ಕಾಲಿಗೆ ಇಳಿಯುತ್ತದೆ. ಆಮೇಲೆ ಸೈಡ್ ಡ್ರಮ್. ಊದುವ ವಾದ್ಯ ಸಿಗುವುದು ಕೊನೆಗೆ, ಅದೂ ಹಳೆಯದು, ತಗ್ಗು ಬಿದ್ದದ್ದು. ಆರಂಭದಲ್ಲಿ ಒಂದೇ ಸ್ವರ. ಅದು ನಡುಗದೆ ನಿಲ್ಲುವ ತನಕ ಮುಂದಿನದು ಇಲ್ಲ. ತುಟಿ ಬಾಯುತ್ತದೆ, ಒಡೆಯುತ್ತದೆ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಮಿಲಿಟರಿ ಬ್ಯಾಂಡಿನಲ್ಲಿ ಐದು ಗೆರೆಯ ಸ್ವರಲಿಪಿ ಓದಿ ನುಡಿಸುತ್ತಾರೆ. ನಮ್ಮ ಬೀದಿ ಬ್ಯಾಂಡಿನವರು ಕಿವಿಯಿಂದ ಕಲಿಯುತ್ತಾರೆ. ಮಾಸ್ತರ ಸರಿಗಮದಲ್ಲಿ ಹೇಳುತ್ತಾನೆ, ಉಳಿದವರು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಿಂದೆ ಹೊಸ ಹಾಡಿಗೆ ರೇಡಿಯೋ, ಕ್ಯಾಸೆಟ್ ಮುಂದೆ ಕೂರುತ್ತಿದ್ದರು. ಈಗ ಮೊಬೈಲ್‌ನಲ್ಲಿ ಅದೇ ಸಾಲನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಾರೆ. ಒಬ್ಬ ಅನುಭವಿಯ ತಲೆಯಲ್ಲಿ ನೂರಾರು ಹಾಡು, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ. ಬೆಳಗಾವಿ ಕಡೆ ಈ ಮೂರೂ ಬಾರದಿದ್ದರೆ ಮಾಸ್ತರನಿಗೆ ಸುಪಾರಿ, ಅಂದರೆ ಕಾರ್ಯಕ್ರಮದ ಒಪ್ಪಂದ, ಸಿಗುವುದಿಲ್ಲ.

ಹಾಡು ಗೊತ್ತಿದ್ದರೆ ಸಾಲದು, ಯಾವಾಗ ಏನು ಅನ್ನುವುದೂ ಗೊತ್ತಿರಬೇಕು. ಐರಾಣಿ (ಮದುವೆ ಶಾಸ್ತ್ರದ ಗಡಿಗೆ) ತರಲು ಹೋಗುವಾಗ ಒಂದು ನಡೆ. ಬೀಗರನ್ನು ಎದುರುಗೊಳ್ಳುವಾಗ ಇನ್ನೊಂದು. ಮದುಮಗ ಹನುಮಪ್ಪನ ಗುಡಿಗೆ ಹೋದಾಗ ದೇವರ ಪದ. ದಾರಿಯಲ್ಲಿ ದರ್ಗಾ ಬಂದರೆ ಹಾಡು ಬದಲು, ದವಾಖಾನೆ ಬಂದರೆ ಸದ್ದು ಬಂದ್. ಮಂಗಳಾಷ್ಟಕ ಮುಗಿದು ಅಕ್ಕಿಕಾಳು ಬೀಳುವ ಕ್ಷಣಕ್ಕೆ ಸರಿಯಾಗಿ ಇಡೀ ಮೇಳ ಒಮ್ಮೆಲೆ ಮೊಳಗಬೇಕು. ಒಂದು ಗಳಿಗೆ ತಡವಾದರೂ ಹಿರಿಯರ ಮುಖ ಬಾಡುತ್ತದೆ. ತುಂಬು ಬಾಳು ಬಾಳಿದ ಹಿರಿಯರ ಅಂತ್ಯಯಾತ್ರೆಗೂ ಕೆಲವು ಕಡೆ ಬ್ಯಾಂಡ್ ಕರೆಸುತ್ತಾರೆ. ಅಲ್ಲಿ ಭಜನೆ, ವಚನ, ನಿಧಾನ ಲಯ. ನಿಧಾನ ಹಾಡು ಊದುವುದೇ ಹೆಚ್ಚು ಕಷ್ಟ, ಉಸಿರು ಉದ್ದ ಬೇಕು.

ಇನ್ನು ಮುಹೂರ್ತ. ಕಾರ್ತಿಕದಲ್ಲಿ ತುಳಸಿ ಲಗ್ನ ಆದ ಮೇಲೆ ಮದುವೆ ಶುರುವಾಗುತ್ತವೆ. ಧನುರ್ಮಾಸ ಬಂದರೆ ನಿಲ್ಲುತ್ತವೆ. ಸಂಕ್ರಾಂತಿ ದಾಟಿದ ಮೇಲೆ ಮತ್ತೆ ಚುರುಕು, ವೈಶಾಖ ಜ್ಯೇಷ್ಠದಲ್ಲಿ ಭರಾಟೆ. ಆಷಾಢಕ್ಕೆ ಬಂದ್. ಗುರು ಅಸ್ತ, ಶುಕ್ರ ಅಸ್ತ ಬಂದರೆ ಆ ದಿನಗಳೂ ಹೋದವು. ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸದ ಹೊಡೆತ ಬೇರೆ. 2026ರಲ್ಲಿ ಅದು ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಭರ್ತಿ ಹಂಗಾಮಿನ ಒಂದು ತಿಂಗಳೇ ಖಾಲಿ. ಒಳ್ಳೆಯ ಮುಹೂರ್ತದ ದಿನ ಮಾತ್ರ ಒಂದೇ ಬ್ಯಾಂಡಿಗೆ ನಾಲ್ಕು ಮನೆಯವರು ಬರುತ್ತಾರೆ. ಮಾಸ್ತರ ಒಬ್ಬರಿಗೇ ಒಪ್ಪಬಹುದು, ಹೆಚ್ಚೆಂದರೆ ಬೆಳಗ್ಗೆ ಒಂದು, ಸಂಜೆ ಒಂದು. ಆ ದಿನದ ದರ ಜಾಸ್ತಿ ಯಾಕೆ ಅನ್ನುವುದಕ್ಕೆ ಇದೇ ಕಾರಣ. ಕೆಲವೇ ದಿನಗಳ ದುಡಿಮೆಯಲ್ಲಿ ವರ್ಷ ತೂಗಬೇಕು.

ಮದುವೆ ಬಿಟ್ಟರೆ ಜಾತ್ರೆ, ಉತ್ಸವ ಕೈ ಹಿಡಿಯುತ್ತವೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬನಶಂಕರಿ, ವೈಶಾಖದಲ್ಲಿ ಬಸವ ಜಯಂತಿ, ಬೆಳಗಾವಿಯ ಶಿವಜಯಂತಿ ಚಿತ್ರರಥಗಳು, ಆಮೇಲೆ ಗಣಪತಿ, ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ. ಊರೂರಿನ ಉರುಸು ಬೇರೆ. ಉಳಿದ ದಿನ ಗೌಂಡಿ ಕೆಲಸ, ಪೇಂಟಿಂಗ್, ಆಟೊ, ಹೊಲದ ಕೂಲಿ. ಇಟ್ಟಿಗೆ ಹೊತ್ತ ಬೆರಳು ಬಿರುಸಾಗುತ್ತದೆ, ಗುಂಡಿಯ ಮೇಲೆ ಮೊದಲಿನಂತೆ ಓಡುವುದಿಲ್ಲ. ಅದಕ್ಕೇ ಕೆಲವರು ಎಂಥ ಕಷ್ಟ ಬಂದರೂ ಭಾರದ ಕೆಲಸಕ್ಕೆ ಹೋಗುವುದಿಲ್ಲ.

ದುಡ್ಡು ಹಂಚಿಕೆಯಾಗುವ ರೀತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬ್ಯಾಂಡಿಗೆ ಒಬ್ಬ ಮಾಲೀಕ. ವಾದ್ಯ, ಸಮವಸ್ತ್ರ, ಗಾಡಿ, ದೀಪ, ಸ್ಪೀಕರ್ ಅವನದು. ಸುಪಾರಿ ಹಿಡಿಯುವವನೂ ಅವನೇ. ಎಷ್ಟೋ ಸಲ ಮಾಲೀಕನೇ ಮಾಸ್ತರ. ಕಲಾವಿದರಿಗೆ ದಿನಕ್ಕಿಷ್ಟು ಅಥವಾ ಹಂಗಾಮಿಗಿಷ್ಟು. ಕ್ಲಾರಿನೆಟ್, ಟ್ರಂಪೆಟ್‌ನವರಿಗೆ ಹೆಚ್ಚು, ತಾಳದವನಿಗೆ ಕಡಿಮೆ. ಮಳೆಗಾಲದಲ್ಲಿ ಮನೆ ನಡೆಸಲು ಕಲಾವಿದ ಮಾಲೀಕನಿಂದ ಮುಂಗಡ ತೆಗೆದುಕೊಳ್ಳುತ್ತಾನೆ. ಹಂಗಾಮು ಬಂದಾಗ ಅದು ಅವನ ಕೂಲಿಯಲ್ಲಿ ವಜಾ ಆಗುತ್ತದೆ. ತೀರದಿದ್ದರೆ ಮುಂದಿನ ವರ್ಷವೂ ಅದೇ ಬ್ಯಾಂಡು. ಕುಣಿಯುವವರು ನಿವಾಳಿಸಿ ಕೊಡುವ ನೋಟು ಒಂದು ಕಡೆ ಕೂಡಿಟ್ಟು ಕೊನೆಗೆ ಹಂಚಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳ ನೋಟ್‌ಬುಕ್ಕು ಬರುವುದು ಆ ದುಡ್ಡಿನಲ್ಲೇ.

ಮಾಲೀಕನ ಖರ್ಚೂ ಕಡಿಮೆಯಲ್ಲ. ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ಪೇಟೆ ಉತ್ತರ ಪ್ರದೇಶದ ಮೀರತ್, ಅಲ್ಲಿನ ಜಾಲಿ ಕೋಠಿ ಗಲ್ಲಿ. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಅಲ್ಲಿಯದೇ. ವಾದ್ಯ ತಗ್ಗು ಬಿದ್ದರೆ ಬೆಸುಗೆ, ಗುಂಡಿ ಹಿಡಿದುಕೊಂಡರೆ ಎಣ್ಣೆ, ಹೊಳಪಿಗೆ ಹುಣಸೆಹಣ್ಣು ಅಥವಾ ಬ್ರಾಸೊ.

2020 ಮತ್ತು 2021ರಲ್ಲಿ ಕೊರೊನಾ ಬಂದಾಗ ಎರಡು ಹಂಗಾಮು ಸಾಲಾಗಿ ಹೋದವು. ಮದುವೆಗೆ 50 ಜನ ಅಂತ ನಿಯಮ ಆದಾಗ ಬ್ಯಾಂಡಿಗೆ ಜಾಗವೇ ಉಳಿಯಲಿಲ್ಲ. ಆಗ ವಾದ್ಯ ಮಾರಿದವರಲ್ಲಿ ಎಲ್ಲರೂ ಮರಳಿ ಕೊಳ್ಳಲಿಲ್ಲ. ಅದಕ್ಕೂ ಮೊದಲೇ ಬ್ಯಾಂಜೊ ಪಾರ್ಟಿ, ಕೀಬೋರ್ಡ್, ಪ್ಯಾಡ್ ಬಂದಿದ್ದವು. ಒಂದು ಕೀಬೋರ್ಡ್, ಎರಡು ದೊಡ್ಡ ಸ್ಪೀಕರ್ ಇದ್ದರೆ ಆರು ಜನ ಊದುವವರ ಸದ್ದು ಬರುತ್ತದೆ. ಊದುವವರ ಸಂಖ್ಯೆ ಕಡಿಮೆಯಾದದ್ದು ಹೀಗೆ. ಆಮೇಲೆ ಡಿಜೆ. ಡಿಜೆ ದಣಿಯುವುದಿಲ್ಲ, ನೀರು ಕೇಳುವುದಿಲ್ಲ. ಆದರೆ ಅಕ್ಕಿಕಾಳು ಬೀಳುವ ಕ್ಷಣ ನೋಡಿ ಮೊಳಗುವುದು, ಮುದುಕಿಯೊಬ್ಬಳು ಕುಣಿಯಲು ಬಂದಾಗ ಲಯ ಇಳಿಸುವುದು ಅದಕ್ಕೆ ಬರುವುದಿಲ್ಲ. ನಾನು ಬ್ಯಾಂಡಿನ ಪರ, ಅದನ್ನು ಮುಚ್ಚಿಡುವುದಿಲ್ಲ.

ದೇಹದ ಮೇಲೆ ಬೀಳುವ ಹೊರೆ ಬಗ್ಗೆ ಬ್ಯಾಂಡಿನವರೇ ಹೆಚ್ಚು ಮಾತಾಡುವುದಿಲ್ಲ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ತಾಸು ತಡೆಯಬಹುದು ಅನ್ನುವುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ 15 ನಿಮಿಷ ಮಾತ್ರ. ಟ್ರಂಪೆಟ್ ಬಾಯಿಯ ಹತ್ತಿರ, ಡ್ರಮ್ ಪಕ್ಕ, ಸ್ಪೀಕರ್ ಗಾಡಿಯ ಬೆನ್ನಿಗೆ ನಡೆಯುವವನು ಅದನ್ನು ತಾಸುಗಟ್ಟಲೆ ಕೇಳುತ್ತಾನೆ. ಮೊದಲು ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಆಮೇಲೆ ತಾರಸ್ವರಗಳು ಮಂಕಾಗುತ್ತವೆ. ಹೋದ ಕಿವಿ ಮರಳುವುದಿಲ್ಲ. ಇಯರ್ ಪ್ಲಗ್ ಹಾಕುವ ರೂಢಿ ನಮ್ಮಲ್ಲಿ ಬರಲೇಬೇಕು. ಹಲ್ಲಿನದು ಇನ್ನೊಂದು ಕಥೆ. ಟ್ರಂಪೆಟ್‌ನ ಊದುವ ತುದಿ ತುಟಿಯನ್ನು ಒತ್ತಿ ಮುಂದಿನ ಹಲ್ಲುಗಳ ಮೇಲೆ ಊರಿ ನಿಲ್ಲುತ್ತದೆ. ಗುಟ್ಕಾ ತಿಂದು ವಸಡು ಸಡಿಲವಾದರೆ ಸ್ವರವೂ ಸಡಿಲ. ಮುಂದಿನ ಒಂದು ಹಲ್ಲು ಬಿದ್ದರೆ ಎಷ್ಟೋ ಜನರ ಊದುವ ಬದುಕು ಅಲ್ಲಿಗೇ ಮುಗಿಯುತ್ತದೆ, ಮತ್ತೆ ಡ್ರಮ್‌ಗೆ ಹೋಗಬೇಕಾಗುತ್ತದೆ.

ಕಾನೂನಿನ ಎರಡು ಮಾತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮೆರವಣಿಗೆ ತಡವಾದರೆ ಪೊಲೀಸರು ಮೊದಲು ಹಿಡಿಯುವುದು ಬ್ಯಾಂಡಿನ ಗಾಡಿಯನ್ನು, ಕುಣಿಯುವವರನ್ನಲ್ಲ. ಇನ್ನೊಂದು ಹಕ್ಕುಸ್ವಾಮ್ಯ. ಸಿನಿಮಾ ಹಾಡು ನುಡಿಸಿದ್ದಕ್ಕೆ ದುಡ್ಡು ಕಟ್ಟಬೇಕಾ ಅಂತ ಕೆಲವರು ಹೆದರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಇದೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮಗಳೂ ಅದರಲ್ಲಿ ಬರುತ್ತವೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು.

ಈ ಕಸುಬಿನಿಂದ ಸಂಬಳದ ನೌಕರಿಗೆ ದಾರಿ ಇದೆಯಾ? ಇದೆ, ಸಣ್ಣದು. ಸೇನೆ ಮತ್ತು ಪೊಲೀಸ್ ಬ್ಯಾಂಡುಗಳಿಗೆ ವಾದಕರು ಬೇಕು. ಸೇನೆಯ ಸಂಗೀತ ವಿಭಾಗ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ 1950ರಲ್ಲಿ ಶುರುವಾಯಿತು, ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದ ಕಾಲ ಅದು. ಆದರೆ ಅಲ್ಲಿಗೆ ಸ್ವರಲಿಪಿ ಓದಲು ಬರಬೇಕು, ಶಾಲೆಯ ಓದೂ ಬೇಕು. ಹಂಗಾಮಿನಲ್ಲಿ ಶಾಲೆ ತಪ್ಪಿಸಿಕೊಂಡ ಹುಡುಗ ಇಲ್ಲೇ ಹಿಂದೆ ಬೀಳುತ್ತಾನೆ. ಶಾಲೆಗಳ ಬ್ಯಾಂಡ್ ತಂಡ ತಯಾರು ಮಾಡುವ ಕೆಲಸ ಕೆಲವರಿಗೆ ಸಿಗುತ್ತದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಗೆ ಬ್ಯಾಂಡಿನವರೂ ಅರ್ಹರು, ಕಲಾವಿದರ ಮಾಸಾಶನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿದೆ. ಅರ್ಜಿ ತುಂಬಿಕೊಡಲು ಓದಿದವರೊಬ್ಬರು ಪಕ್ಕದಲ್ಲಿ ಕೂತರೆ ಎಷ್ಟೋ ಕೆಲಸ ಆಗುತ್ತದೆ.

ನಿಮ್ಮ ಮನೆಯ ಮದುವೆಗೆ ಬ್ಯಾಂಡ್ ಹೇಳುವಾಗ ಕೆಲವನ್ನು ಮೊದಲೇ ಮಾತಾಡಿಕೊಳ್ಳಿ. ಒಟ್ಟು ಎಷ್ಟು ಜನ ಅಂತ ಕೇಳುವುದಕ್ಕಿಂತ ಊದುವವರು ಎಷ್ಟು ಜನ ಅಂತ ಕೇಳಿ. ಬೇಕಾದ ಹಾಡುಗಳ ಪಟ್ಟಿಯನ್ನು ವಾರ ಮೊದಲೇ ಕೊಡಿ, ಕಲಿಯಲು ಸಮಯ ಸಿಗುತ್ತದೆ. ಮೆರವಣಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡಿ. ದಾರಿಯಲ್ಲಿ ಕುಡಿಯಲು ನೀರು ಇರಲಿ, ಒಣಗಿದ ತುಟಿ ಊದುವುದಿಲ್ಲ. ಊಟಕ್ಕೆ ಅವರನ್ನು ಬೀಗರ ಪಂಕ್ತಿಯಲ್ಲೇ ಕೂಡಿಸಿ. ಬಾಕಿ ಹಣವನ್ನು ಮೆರವಣಿಗೆ ಮುಗಿದ ಜಾಗದಲ್ಲೇ ಮಾಸ್ತರನ ಕೈಗೆ ಕೊಡಿ. ಎಲ್ಲರ ಕೂಲಿ ಅಂದೇ ರಾತ್ರಿ ಹಂಚಿಕೆಯಾಗಬೇಕು, ಮರುದಿನದ ಮುಹೂರ್ತ ಇನ್ನೊಂದು ಊರಲ್ಲಿರುತ್ತದೆ.